ಪೇಢೆಯೋ, ಛಡಿಯೋ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಧಾರವಾಡದ ಲೈನ್ ಬಜಾರಿನ ಪೇಢೆ ಅಂಗಡಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಊರಿನ ಮಕ್ಕಳ ಹಣೆಬರಹ ಪತ್ರಿಕೆ ನೋಡದೆಯೇ ಗೊತ್ತಾಗುತ್ತದೆ. ಅರ್ಧ ಕಿಲೋ ಕಟ್ಟಿಸಿಕೊಂಡು ಹೋಗುವವರು, ಎರಡು ಕಿಲೋ ಒಯ್ದು ಓಣಿಗೆಲ್ಲ ಹಂಚುವವರು, ಮಗಳನ್ನು ಜೊತೆಗೆ ಕರೆತಂದು ಅಂಗಡಿಯ ಮುಂದೆಯೇ ಅವಳ ಬಾಯಿಗೆ ಒಂದು ಪೇಢೆ ಇಡುವ ತಂದೆಯರು. ಉತ್ತರ ಪ್ರದೇಶದ ಉನ್ನಾವ ಕಡೆಯಿಂದ ಬಂದ ಠಾಕೂರ ಮನೆತನ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಮಾಡತೊಡಗಿದ ಈ ಕಂದು ಬಣ್ಣದ ಸಿಹಿ ಇಂದು ಭೌಗೋಳಿಕ ಸೂಚಿಯ ಗೌರವ ಪಡೆದಿದೆ. ಧಾರವಾಡದ ವಿದ್ಯಾರ್ಥಿಗಳ ಪಾಲಿಗಂತೂ ಅದು ಪಾಸಾದುದರ ಇನ್ನೊಂದು ಹೆಸರು. ಅದೇ ದಿನ ಕೆಲವು ಮನೆಗಳಲ್ಲಿ ಒಲೆಯೂ ಹತ್ತುವುದಿಲ್ಲ. ಅಲ್ಲಿ ಮಾತೂ ಇಲ್ಲ, ಊಟವೂ ಇಲ್ಲ.

ಒಂದು ಮನೆಯಲ್ಲಿ ಬಹುಮಾನ, ಇನ್ನೊಂದರಲ್ಲಿ ಶಿಕ್ಷೆ. ಎರಡರ ಉದ್ದೇಶವೂ ಮಗು ಚೆನ್ನಾಗಿ ಓದಲಿ ಎಂಬುದೇ. ಆದರೆ ಮನಃಶಾಸ್ತ್ರಜ್ಞರು ಇಲ್ಲಿ ಒಂದು ತರಲೆ ಪ್ರಶ್ನೆ ಎತ್ತುತ್ತಾರೆ. ಬೇಸಿಗೆಯಲ್ಲಿ ಬಾಯಿಗೆ ಬಿದ್ದ ಪೇಢೆ, ಹಿಂದಿನ ವರ್ಷದ ಜುಲೈ ತಿಂಗಳ ಮಳೆಯ ಸಂಜೆಯಲ್ಲಿ ಮಗು ಬೀಜಗಣಿತದ ಲೆಕ್ಕ ಬಿಡಿಸಲು ಕುಳಿತದ್ದಕ್ಕೆ ಸಿಕ್ಕ ಬಹುಮಾನವಾಗಲು ಸಾಧ್ಯವೇ? ಆ ಸಂಜೆ ಅದಕ್ಕೆ ಸಿಕ್ಕದ್ದೇನು? ಬಹುಶಃ, 'ಇನ್ನೂ ಮುಗೀಲಿಲ್ಲೇನು?' ಎಂಬ ಒಂದು ಮಾತು ಅಷ್ಟೆ.

ಬೋನಿನೊಳಗಿನ ಬೆಕ್ಕು

ಈ ಪ್ರಶ್ನೆಯ ಮೂಲ ಒಂದು ಹಸಿದ ಬೆಕ್ಕಿನಲ್ಲಿದೆ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಯುವಕ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1898ರಲ್ಲಿ ಒಪ್ಪಿಸಿದ ಪ್ರಬಂಧಕ್ಕಾಗಿ ಕಟ್ಟಿಗೆಯ ಬೋನುಗಳನ್ನು ತಯಾರಿಸಿದ್ದ. ಒಳಗೆ ಬೆಕ್ಕು, ಹೊರಗೆ ಆಹಾರ. ಒಳಗಿರುವ ದಾರದ ಕುಣಿಕೆ ಎಳೆದರೆ ಅಥವಾ ಅಗಳಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಬೆಕ್ಕು ಮೊದಲು ಪರಚಿತು, ಕಚ್ಚಿತು, ಸಂದಿಯಲ್ಲಿ ತೂರಲು ನೋಡಿತು. ಆಕಸ್ಮಿಕವಾಗಿ ಕುಣಿಕೆಗೆ ಕಾಲು ತಗುಲಿ ಬಾಗಿಲು ತೆರೆಯಿತು. ಮತ್ತೆ ಬೋನಿಗೆ ಹಾಕಿದಾಗ ಅದಕ್ಕೆ ಥಟ್ಟನೆ ಜ್ಞಾನೋದಯವೇನೂ ಆಗಲಿಲ್ಲ. ವ್ಯರ್ಥ ಪ್ರಯತ್ನಗಳು ಸ್ವಲ್ಪ ಸ್ವಲ್ಪವಾಗಿ ಉದುರಿದವು. ಹೊರಬರಲು ಬೇಕಾದ ಸಮಯ ಕ್ರಮೇಣ ಇಳಿಯಿತು. ತೃಪ್ತಿ ತರುವ ವರ್ತನೆ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ, ಕಿರಿಕಿರಿ ತರುವ ವರ್ತನೆ ಮರೆಯಾಗುತ್ತದೆ ಎಂದು ಥಾರ್ನ್‌ಡೈಕ್ ತೀರ್ಮಾನಿಸಿದ. ಇದೇ ಬಿ.ಎಡ್. ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡುವ 'ಪರಿಣಾಮ ನಿಯಮ'.

ಬಾಯಿಪಾಠ ಮಾಡುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸಂಗತಿಯಿದೆ. 1930ರ ದಶಕದ ಆರಂಭದಲ್ಲಿ ಥಾರ್ನ್‌ಡೈಕ್ ತನ್ನ ನಿಯಮದ ಅರ್ಧ ಭಾಗವನ್ನು ತಾನೇ ಸಡಿಲಿಸಿದ. ಮನುಷ್ಯರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, 'ಸರಿ' ಎಂದು ಹೇಳಿದಾಗ ಉತ್ತರ ಗಟ್ಟಿಯಾಗುತ್ತಿತ್ತು. ಆದರೆ 'ತಪ್ಪು' ಎಂದಾಗ ಅದು ಅಷ್ಟೇ ಪ್ರಮಾಣದಲ್ಲಿ ಅಳಿಸಿಹೋಗುತ್ತಿರಲಿಲ್ಲ. ಬಹುಮಾನ ಮತ್ತು ಶಿಕ್ಷೆ ತಕ್ಕಡಿಯ ಎರಡು ಸಮ ತಟ್ಟೆಗಳಲ್ಲ ಎಂಬುದು ಆಗಲೇ ಗೊತ್ತಾಗಿತ್ತು. ಶಾಲೆಗಳಿಗೆ ಮಾತ್ರ ಈ ಸುದ್ದಿ ತಲುಪಲು ಬಹಳ ಕಾಲ ಹಿಡಿಯಿತು.

ಈ ವಿಚಾರವನ್ನು ಮುಂದಕ್ಕೆ ಒಯ್ದವನು ಬಿ.ಎಫ್. ಸ್ಕಿನ್ನರ್ (1904-1990). ಪೆಟ್ಟಿಗೆಯೊಳಗೆ ಇಲಿ, ಒತ್ತಲು ಒಂದು ಸನ್ನೆ, ಒತ್ತಿದರೆ ಒಂದು ಕಾಳಿನಷ್ಟು ತಿನಿಸು. ಇದನ್ನು ಕ್ರಿಯಾಪ್ರಸೂತ ಅನುಬಂಧನ ಎನ್ನುತ್ತಾರೆ. ಪ್ರಾಣಿ ತಾನಾಗಿ ಮಾಡುವ ಕ್ರಿಯೆಯನ್ನು ಅದರ ಪರಿಣಾಮವೇ ತಿದ್ದಿ ರೂಪಿಸುತ್ತದೆ ಎಂದು ಇದರ ಅರ್ಥ. ವರ್ತನೆಯನ್ನು ಹೆಚ್ಚಿಸುವ ಪರಿಣಾಮಕ್ಕೆ 'ಪುನರ್ಬಲನ' ಎಂದು ಹೆಸರು.

ಇಲ್ಲಿ ಪರೀಕ್ಷೆಗೆ ಕೂರುವ ವಿದ್ಯಾರ್ಥಿಗಳು ಮೇಲಿಂದ ಮೇಲೆ ಎಡವುವ ಒಂದು ಜಾಗವಿದೆ. 'ಋಣಾತ್ಮಕ ಪುನರ್ಬಲನ' ಎಂದರೆ ಶಿಕ್ಷೆ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಹಾಗಲ್ಲ. ಕಾರಿನಲ್ಲಿ ಬೆಲ್ಟ್ ಹಾಕದಿದ್ದರೆ ಕಿವಿ ಕೊರೆಯುವ ಸದ್ದು ಬರುತ್ತದೆ, ಹಾಕಿದೊಡನೆ ನಿಲ್ಲುತ್ತದೆ. ಒಂದು ಪೀಡೆ ತೊಲಗಿದ್ದರಿಂದ ಬೆಲ್ಟ್ ಹಾಕುವ ವರ್ತನೆ ಹೆಚ್ಚಿತು. ಇದು ಋಣಾತ್ಮಕ ಪುನರ್ಬಲನ. ವರ್ತನೆಯನ್ನು ಕಡಿಮೆ ಮಾಡುವುದು ಮಾತ್ರ ಶಿಕ್ಷೆ. ಶಿಕ್ಷೆಯಲ್ಲೂ ಎರಡು ಬಗೆ: ಪೆಟ್ಟಿನಂತಹ ಅಹಿತವನ್ನು ಕೊಡುವುದು ಒಂದು, ಸಂಜೆಯ ಆಟದಂತಹ ಹಿತವನ್ನು ಕಸಿಯುವುದು ಇನ್ನೊಂದು.

ಅಂದಹಾಗೆ, ಕನ್ನಡನಾಡಿಗೆ ಪ್ರಯೋಗಾತ್ಮಕ ಮನಃಶಾಸ್ತ್ರ ಬಂದದ್ದು ಬೇಗನೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿಯೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಈ ವಿಭಾಗವನ್ನು ಆರಂಭಿಸಿದರು. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿ, ಅದು 'ಆಕಾಶವಾಣಿ' ಎನ್ನಿಸಿಕೊಳ್ಳಲು ಕಾರಣರಾದವರೂ ಅವರೇ. ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ತರ್ಕಶಾಸ್ತ್ರ ಮತ್ತು ಮನಃಶಾಸ್ತ್ರದ ಅಧ್ಯಾಪಕರಾಗಿದ್ದವರು ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ಎಂಬುದು ಇಂದಿನ ಅನೇಕ ವಿದ್ಯಾರ್ಥಿಗಳಿಗೆ ಗೊತ್ತಿರಲಾರದು.

ಛಡಿ ಕಲಿಸಿದ ಪಾಠ

ಮರಾಠಿಯ ನೆರೆಯಲ್ಲಿರುವ ಹುಬ್ಬಳ್ಳಿ-ಧಾರವಾಡದ ಹಿರಿಯರಿಗೆ 'ಛಡಿ ಛಂ ಛಂ, ವಿದ್ಯಾ ಘಂ ಘಂ' ಎಂಬ ಮಾತು ಚೆನ್ನಾಗಿ ಗೊತ್ತು. ಬೆತ್ತ ಸದ್ದು ಮಾಡಿದಷ್ಟೂ ವಿದ್ಯೆ ಘಮಘಮಿಸುತ್ತದೆ ಎಂದು ಅದರ ತಾತ್ಪರ್ಯ. ಹಳೆಯ ಕಾಲದ ಗಾಂವಟಿ ಶಾಲೆ, ಕೂಲಿಮಠಗಳ ಕಾಲಕ್ಕೆ ಹೋದರೆ ಛಡಿ ಸೌಮ್ಯವೇ ಎನ್ನಬೇಕು. ಹುಡುಗನ ಕೈಗಳನ್ನು ತೊಲೆಯಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿ ತೂಗುಬಿಡುವ 'ಕೋದಂಡ'ದ ಶಿಕ್ಷೆಯನ್ನು ಕನ್ನಡದ ಹಿಂದಿನ ತಲೆಮಾರು ಕಂಡಿದೆ. ಬಸ್ಕಿ, ಬಗ್ಗಿ ಅಂಗುಷ್ಠ ಹಿಡಿಯುವುದು, ಕಿವಿ ಹಿಂಡುವುದು ಇವೆಲ್ಲ ತೀರ ಇತ್ತೀಚಿನವರೆಗೂ ನಡೆದವು. ಮಕ್ಕಳ ಮೇಲಿನ ದೌರ್ಜನ್ಯ ಕುರಿತು ಕೇಂದ್ರ ಸರ್ಕಾರ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲೆಗೆ ಹೋಗುವ ಮಕ್ಕಳ ಪೈಕಿ ಶೇ. 65 ಮಂದಿ ಶಾಲೆಯಲ್ಲಿ ದೈಹಿಕ ಶಿಕ್ಷೆ ಅನುಭವಿಸಿದ್ದಾಗಿ ಹೇಳಿದ್ದರು.

'ನಾವೂ ಪೆಟ್ಟು ತಿಂದೇ ಕಲಿತವರು' ಎಂಬುದು ಈ ವಿಷಯ ಎತ್ತಿದೊಡನೆ ಬರುವ ಉತ್ತರ. ಪೆಟ್ಟು ತಿಂದು ಶಾಲೆ ಬಿಟ್ಟವರು ಈ ಚರ್ಚೆಗೆ ಬರುವುದಿಲ್ಲ ಎಂಬುದನ್ನು ಇಂಥವರು ಮರೆಯುತ್ತಾರೆ.

ವಿಜ್ಞಾನ ಏನನ್ನುತ್ತದೆ? ಸ್ಕಿನ್ನರ್ 1938ರ ತನ್ನ ಪುಸ್ತಕದಲ್ಲಿ ವರದಿ ಮಾಡಿದ ಒಂದು ಪ್ರಯೋಗ ಹೀಗಿತ್ತು. ಸನ್ನೆ ಒತ್ತಲು ಕಲಿತ ಇಲಿಗಳಿಗೆ ತಿನಿಸು ಕೊಡುವುದನ್ನು ನಿಲ್ಲಿಸಲಾಯಿತು. ಒಂದು ಗುಂಪಿನ ಇಲಿಗಳು ಒತ್ತಿದಾಗ, ಮೊದಲ ಕೆಲವು ನಿಮಿಷ, ಸನ್ನೆಯೇ ತಿರುಗಿ ಅವುಗಳ ಪಂಜಕ್ಕೆ ಏಟು ಕೊಟ್ಟಿತು. ಆ ಇಲಿಗಳು ಕೂಡಲೇ ಸುಮ್ಮನಾದವು. ಏಟು ನಿಂತ ಮೇಲೆ ಮತ್ತೆ ಒತ್ತತೊಡಗಿದವು. ಕೊನೆಗೆ ಲೆಕ್ಕ ಹಾಕಿದರೆ ಎರಡೂ ಗುಂಪುಗಳು ಒತ್ತಿದ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಏಟು ಅಭ್ಯಾಸವನ್ನು ಅಳಿಸಿರಲಿಲ್ಲ, ಅದುಮಿ ಇಟ್ಟಿತ್ತು ಅಷ್ಟೆ. ತೀವ್ರವಾದ, ತಪ್ಪಿನ ಮರುಕ್ಷಣವೇ ಬೀಳುವ, ಒಮ್ಮೆಯೂ ತಪ್ಪದ ಶಿಕ್ಷೆಗೆ ವರ್ತನೆಯನ್ನು ನಿಲ್ಲಿಸುವ ಶಕ್ತಿ ಇದೆ ಎಂದು ನಂತರದ ಪ್ರಯೋಗಗಳು ತೋರಿಸಿದ್ದು ನಿಜ. ಆದರೆ ಐವತ್ತು ಮಕ್ಕಳ ತರಗತಿಯಲ್ಲಿ ಅಂಥ ಶಿಕ್ಷೆ ಕೊಡಲು ಯಾರಿಗೂ ಸಾಧ್ಯವಿಲ್ಲ, ಸಾಧ್ಯವಿದ್ದರೂ ಕೊಡಬಾರದು.

ಶಿಕ್ಷೆಗೆ ಇನ್ನೊಂದು ದೊಡ್ಡ ಕೊರತೆಯಿದೆ. ಏನು ಮಾಡಬಾರದು ಎಂಬುದನ್ನು ಅದು ಹೇಳುತ್ತದೆ, ಏನು ಮಾಡಬೇಕು ಎಂಬುದನ್ನು ಹೇಳುವುದಿಲ್ಲ. ಏಳರ ಮಗ್ಗಿ ತಪ್ಪಿದ ಹುಡುಗನಿಗೆ ಅಂಗೈ ಮೇಲೆ ಎರಡು ಏಟು ಬಿದ್ದರೆ ಏಳೆಂಟಲ ಐವತ್ತಾರು ಎಂಬುದು ಆ ಏಟಿನಿಂದ ತಿಳಿಯುವುದಿಲ್ಲ. ಅವನು ಬೇರೇನನ್ನೋ ಕಲಿಯುತ್ತಾನೆ. ಹಿಂದಿನ ಬೆಂಚಿಗೆ ಸರಿಯುವುದನ್ನು ಕಲಿಯುತ್ತಾನೆ. ಮನೆಪಾಠದ ವಹಿ ಮನೆಯಲ್ಲಿಯೇ ಉಳಿಯಿತೆಂದು ಹೇಳಲು ಕಲಿಯುತ್ತಾನೆ. ಶನಿವಾರ ಗಣಿತದ ತಾಸು ಬಂದೊಡನೆ ಹೊಟ್ಟೆನೋವು ಬರಿಸಿಕೊಳ್ಳುತ್ತಾನೆ. ಅದೂ ಎಷ್ಟೋ ಸಲ ನಟನೆಯಲ್ಲ, ನಿಜವಾದ ನೋವೇ. ಗಂಟೆ ಸದ್ದಿಗೆ ಪಾವ್ಲೋವ್‌ನ ನಾಯಿಯ ಬಾಯಲ್ಲಿ ನೀರೂರಿದಂತೆ, ಭಯವೂ ಅಂಟಿಕೊಳ್ಳುತ್ತದೆ. 1920ರಲ್ಲಿ ವಾಟ್ಸನ್ ಮತ್ತು ರೇನರ್ ಒಂದು ಎಳೆಯ ಮಗುವಿಗೆ ಬಿಳಿ ಇಲಿಯನ್ನು ತೋರಿಸಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸಲಾಕೆ ಬಡಿದು ಬೆಚ್ಚಿಬೀಳಿಸಿದರು. ಮೊದಲು ಇಲಿಗೆ ಹೆದರದಿದ್ದ ಮಗು ನಂತರ ಇಲಿಯನ್ನು ಕಂಡರೇ ಅಳತೊಡಗಿತು. ಮೊಲವನ್ನು ಕಂಡರೂ ಅತ್ತಿತು. ಇಂದು ಯಾವ ನೀತಿ ಸಮಿತಿಯೂ ಒಪ್ಪದ ಕ್ರೂರ ಪ್ರಯೋಗವಿದು. ಆದರೆ ಮಾಸ್ತರರ ಮೇಲಿನ ಭಯ ಗಣಿತಕ್ಕೂ, ಗಣಿತದಿಂದ ಭೌತಶಾಸ್ತ್ರಕ್ಕೂ ಹಬ್ಬುವ ಬಗೆಯನ್ನು ಅದು ತೋರಿಸಿಕೊಟ್ಟಿತು.

ಇಷ್ಟಾದರೂ ಛಡಿ ಏಕೆ ಉಳಿಯಿತು? ಇದರ ಉತ್ತರವೂ ಪುನರ್ಬಲನದಲ್ಲಿಯೇ ಇದೆ. ಗದ್ದಲದ ತರಗತಿಯಲ್ಲಿ ಛಡಿ ಮೇಜಿಗೆ ಬಡಿದ ಕ್ಷಣವೇ ನಿಶ್ಶಬ್ದ. ಪೀಡೆ ತೊಲಗಿತು. ಮಕ್ಕಳು ಏನು ಕಲಿತರೋ ಬಿಟ್ಟರೋ, ಛಡಿ ಎತ್ತಬೇಕೆಂಬುದನ್ನು ಮಾಸ್ತರರು ಮಾತ್ರ ಖಂಡಿತ ಕಲಿತರು.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ 17ನೆಯ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. ತಪ್ಪಿದವರ ಮೇಲೆ ಶಿಸ್ತುಕ್ರಮ ಜರುಗಿಸಬೇಕೆನ್ನುತ್ತದೆ. ಎಲ್ಲರೆದುರು 'ದಡ್ಡ' ಎಂದು ಜರೆಯುವುದೂ, ಫೀ ಕಟ್ಟದ ಮಗುವನ್ನು ಹೊರಗೆ ನಿಲ್ಲಿಸುವುದೂ ಕಿರುಕುಳವೇ ಎಂಬುದನ್ನು ಪಾಲಕರು ಗಮನಿಸಬೇಕು.

ದೊಡ್ಡವರೂ ಇದಕ್ಕೆ ಹೊರತಲ್ಲ. ಹುಬ್ಬಳ್ಳಿಯ ಚನ್ನಮ್ಮ ವೃತ್ತದಲ್ಲಿ ಪೊಲೀಸರು ನಿಂತಿದ್ದಾರೆಂದು ಗೊತ್ತಾದೊಡನೆ ಹ್ಯಾಂಡಲಿಗೆ ನೇತಾಡುವ ಹೆಲ್ಮೆಟ್ ತಲೆಗೇರುತ್ತದೆ. ವೃತ್ತ ದಾಟಿದ ಮೇಲೆ ಮತ್ತೆ ಹ್ಯಾಂಡಲಿಗೆ ಇಳಿಯುತ್ತದೆ. ಸವಾರ ಕಲಿತದ್ದು ತಲೆಯ ಸುರಕ್ಷತೆಯನ್ನಲ್ಲ, ಪೊಲೀಸರಿರುವ ಜಾಗವನ್ನು. 2019ರ ಸೆಪ್ಟೆಂಬರಿನಲ್ಲಿ ಹೊಸ ಮೋಟಾರು ವಾಹನ ಕಾಯ್ದೆಯ ಭಾರೀ ದಂಡ ಜಾರಿಗೆ ಬಂದು, ಅದೇ ತಿಂಗಳು ಕರ್ನಾಟಕದಲ್ಲಿ ಹೆಲ್ಮೆಟ್ ದಂಡ 500 ರೂಪಾಯಿಗೆ ಇಳಿಯಿತು. 2023ರ ಫೆಬ್ರುವರಿಯಲ್ಲಿ ಬಾಕಿ ದಂಡ ಕಟ್ಟುವವರಿಗೆ ಅರ್ಧದಷ್ಟು ರಿಯಾಯಿತಿ ಘೋಷಣೆಯಾದಾಗ ಕಟ್ಟಲು ಜನ ಮುಗಿಬಿದ್ದರು. ಸಮಯಕ್ಕೆ ಸರಿಯಾಗಿ ಪೂರ್ತಿ ದಂಡ ಕಟ್ಟಿದವರಿಗೆ ಏನೂ ಸಿಗಲಿಲ್ಲ. ಹಾಗಾದರೆ ಪುನರ್ಬಲನ ಸಿಕ್ಕಿದ್ದು ಯಾವ ವರ್ತನೆಗೆ?

ದುರ್ಗದಬೈಲಿನ ಅಳು

ಸಂಜೆ ಹೊತ್ತು ಹುಬ್ಬಳ್ಳಿಯ ದುರ್ಗದಬೈಲಿನ ಸಂತೆಯಂಥ ಗದ್ದಲದಲ್ಲಿ ದಿನವೂ ಕಾಣುವ ನೋಟವೊಂದಿದೆ. ಆಟಿಕೆ ಅಂಗಡಿಯ ಮುಂದೆ ಮಗು ಕಾಲು ಬಡಿದು ಅಳುತ್ತದೆ. ತಾಯಿ ಮೊದಲು ಗದರುತ್ತಾಳೆ. ಅಳು ಏರುತ್ತದೆ. ಹೋಗಿಬರುವವರು ತಿರುಗಿ ನೋಡುತ್ತಾರೆ. 'ಸಾಕು, ಅಳಬ್ಯಾಡೋ ತಮ್ಮಾ, ಕೊಡಸ್ತೀನಿ, ಸುಮ್ನಾಗು' ಎಂದು ತಾಯಿ ಸೋಲುತ್ತಾಳೆ. ಮಗು ಸುಮ್ಮನಾಗುತ್ತದೆ. ಇಲ್ಲಿ ಇಬ್ಬರಿಗೂ ಪಾಠವಾಯಿತು. ಅತ್ತರೆ ಸಿಗುತ್ತದೆ ಎಂದು ಮಗು ಕಲಿಯಿತು. ಕೊಡಿಸಿದರೆ ಅಳು ನಿಲ್ಲುತ್ತದೆ ಎಂದು ತಾಯಿ ಕಲಿತಳು. ಮಗುವಿಗೆ ಧನಾತ್ಮಕ ಪುನರ್ಬಲನ, ತಾಯಿಗೆ ಋಣಾತ್ಮಕ. ಆಟಿಕೆಯ ಜಾಗದಲ್ಲಿ ಈಗ ಅನೇಕ ಮನೆಗಳಲ್ಲಿ ಮೊಬೈಲ್ ಬಂದಿದೆ, ಲೆಕ್ಕ ಅದೇ.

ಒಂಬತ್ತು ಸಲ ಗಟ್ಟಿಯಾಗಿ ನಿಂತು ಹತ್ತನೆಯ ಸಲ ಸೋತರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಸ್ಕಿನ್ನರ್ ಮತ್ತು ಫರ್ಸ್ಟರ್ 1957ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದ ವಿಷಯವೇ ಇದು: ಬಹುಮಾನ ಪ್ರತಿ ಸಲವೂ ಸಿಗದೆ, ಯಾವಾಗ ಸಿಗುತ್ತದೆ ಎಂದು ಊಹಿಸಲಾಗದಂತೆ ಸಿಕ್ಕರೆ ಪ್ರಾಣಿ ದಣಿಯದೆ ಒತ್ತುತ್ತಲೇ ಇರುತ್ತದೆ, ಬಹುಮಾನ ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಬಿಡುವುದಿಲ್ಲ. ಓಸಿ, ಮಟಕಾ ಚೀಟಿಗಳ ಹಿಂದೆ ಬಿದ್ದು ಮನೆಮಾರು ಕಳೆದುಕೊಂಡವರ ಕಥೆ ಉತ್ತರ ಕರ್ನಾಟಕದ ಪ್ರತಿ ಊರಿನಲ್ಲೂ ಸಿಗುತ್ತದೆ. ಅವರನ್ನು ಹಿಡಿದಿಟ್ಟದ್ದು ಗೆಲುವಲ್ಲ, ಗೆಲುವಿನ ಅನಿಶ್ಚಿತತೆ. ಕರ್ನಾಟಕ ಸರ್ಕಾರ 2007ರಲ್ಲಿ ಲಾಟರಿ ನಿಷೇಧಿಸಿತು. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳ ವಿರುದ್ಧ ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನು ಮಾಡಿತು. ಬೆರಳಿನಿಂದ ಮೇಲೆ ತಳ್ಳುತ್ತ ಹೋದಂತೆ ಒಮ್ಮೊಮ್ಮೆ ಮಾತ್ರ ಒಂದು ಮೋಜಿನ ವಿಡಿಯೋ ಸಿಗುವ ಮೊಬೈಲಿಗೆ ಅಂಥ ನಿಷೇಧವಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿಯೂ ಅದು ಕೈಯಿಂದ ಇಳಿಯದಿರುವ ಗುಟ್ಟು ಇದೇ.

ಇದೇ ಅನಿಶ್ಚಿತತೆಯನ್ನು ಒಳ್ಳೆಯ ಕೆಲಸಕ್ಕೂ ಬಳಸಬಹುದು ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಉದಾಹರಣೆಯಿದೆ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯ ಸುಮಾರು 14,000 ನೌಕರರ ನಡುವೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಾಲಾಜಿ ಪ್ರಭಾಕರ್ ಮತ್ತು ಸಂಗಡಿಗರು 2008ರ ಅಕ್ಟೋಬರಿನಿಂದ ಆರು ತಿಂಗಳು ಒಂದು ಪ್ರಯೋಗ ನಡೆಸಿದರು. ವಾಹನ ದಟ್ಟಣೆಗೆ ಮುಂಚೆ ಕಚೇರಿ ತಲುಪಿದವರಿಗೆ ಅಂಕ. ಅಂಕ ಗಳಿಸಿದವರಿಗೆ ವಾರಕ್ಕೊಮ್ಮೆ ಚೀಟಿ ಎತ್ತಿ 500ರಿಂದ 12,000 ರೂಪಾಯಿವರೆಗೆ ಬಹುಮಾನ. ತಡವಾಗಿ ಬಂದವರಿಗೆ ದಂಡವಿರಲಿಲ್ಲ. ಬೇಗ ಬರುವವರ ಸಂಖ್ಯೆ ಸುಮಾರು ಇಮ್ಮಡಿಯಾಯಿತು. ಬೆಳಗಿನ ಬಸ್ ಪ್ರಯಾಣದ ಸರಾಸರಿ ಸಮಯ 71 ನಿಮಿಷದಿಂದ 54 ನಿಮಿಷಕ್ಕೆ ಇಳಿಯಿತು.

ಬಹುಮಾನವೂ ಕೆಡಿಸುತ್ತದೆ

ಇಷ್ಟು ಓದಿದ ಪಾಲಕರು 'ಗಣಿತದಾಗ ನೂರಕ್ಕ ನೂರು ಬಂದ್ರ ಸೈಕಲ್' ಎಂದು ಘೋಷಿಸುವ ಮೊದಲು ಇನ್ನೊಂದು ಪ್ರಯೋಗವನ್ನೂ ನೋಡಬೇಕು. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬುವರು ಚಿತ್ರ ಬಿಡಿಸುವುದೆಂದರೆ ತಾವಾಗಿಯೇ ಕುಣಿದಾಡುವ ಶಿಶುವಿಹಾರದ ಮಕ್ಕಳನ್ನು ಆರಿಸಿದರು. ಕೆಲವರಿಗೆ, 'ಚಿತ್ರ ಬಿಡಿಸಿದರೆ ಚಿನ್ನದ ಬಣ್ಣದ ಮುದ್ರೆಯ ಪ್ರಶಸ್ತಿಪತ್ರ ಕೊಡುತ್ತೇವೆ' ಎಂದು ಮೊದಲೇ ಮಾತು ಕೊಟ್ಟರು. ಕೆಲವರಿಗೆ ಮೊದಲು ಹೇಳದೆ ಕೊನೆಗೆ ಕೊಟ್ಟರು. ಉಳಿದವರಿಗೆ ಏನೂ ಇಲ್ಲ. ಒಂದೆರಡು ವಾರಗಳ ನಂತರ ಪ್ರಶಸ್ತಿಯ ಮಾತೇ ಇಲ್ಲದ ಆಟದ ಹೊತ್ತಿನಲ್ಲಿ ಗಮನಿಸಿದಾಗ, ಮಾತು ಕೊಟ್ಟು ಬಿಡಿಸಿಕೊಂಡಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಸಮಯವೂ ಚಿತ್ರಕ್ಕೆ ಕೂರಲಿಲ್ಲ. ಆಟವಾಗಿದ್ದದ್ದು ಕೂಲಿಯಾಗಿಬಿಟ್ಟಿತ್ತು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರಿಗೆ ಈ ತೊಂದರೆ ಆಗಲಿಲ್ಲ.

ಮಿದುಳಿನ ವಿಜ್ಞಾನವೂ ಇದಕ್ಕೆ ಹತ್ತಿರದ ಮಾತು ಹೇಳುತ್ತದೆ. 1990ರ ದಶಕದಲ್ಲಿ ವೊಲ್ಫ್ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನ ಡೋಪಮಿನ್ ಕೋಶಗಳನ್ನು ಪರಿಶೀಲಿಸಿದ. ಎಣಿಸಿರದ ಹಣ್ಣಿನ ರಸ ಬಾಯಿಗೆ ಬಿದ್ದಾಗ ಕೋಶಗಳು ಚುರುಕಾದವು. ದೀಪ ಹೊತ್ತಿದ ಮೇಲೆ ರಸ ಬರುತ್ತದೆ ಎಂದು ಗೊತ್ತಾದ ನಂತರ ದೀಪಕ್ಕೆ ಚುರುಕಾದವು, ರಸಕ್ಕಲ್ಲ. ದೀಪ ಹೊತ್ತಿಯೂ ರಸ ಬಾರದಿದ್ದರೆ ಇದ್ದ ಚಟುವಟಿಕೆಯೂ ಕುಸಿಯಿತು. ಮಾತು ಕೊಟ್ಟ ಸೈಕಲ್ ಬಾರದ ಮನೆಯ ಮಗುವನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ದಂಡದ ಕಥೆಯೂ ಹೀಗೆಯೇ ತಿರುಗಬಹುದು. ಇಸ್ರೇಲಿನ ಹೈಫಾ ನಗರದ 10 ಶಿಶುಪಾಲನಾ ಕೇಂದ್ರಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡ ಮಾಡುವ ಪಾಲಕರಿಗೆ ಕೆಲವು ಕೇಂದ್ರಗಳು ದಂಡ ಹಾಕಿದವು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಸುಮಾರು ಇಮ್ಮಡಿಯಾದರು. ಅಲ್ಲಿಯವರೆಗೆ ಬಾಯಾರ ಮುಂದೆ ತಡವಾಗಿ ಬಂದು ನಿಲ್ಲಲು ಸಂಕೋಚವಿತ್ತು. ಈಗ ಅದಕ್ಕೊಂದು ದರ ನಿಗದಿಯಾಗಿತ್ತು. ದಂಡ ತೆಗೆದ ಮೇಲೂ ಸಂಕೋಚ ಮರಳಲಿಲ್ಲ.

ಹಾಗಾದರೆ ಏನು ಮಾಡಬೇಕು ಎಂಬುದಕ್ಕೆ ಸ್ಕಿನ್ನರ್ ಕಂಡ ಒಂದು ನೋಟವೇ ಒಳ್ಳೆಯ ಸುಳಿವು. 1953ರ ನವೆಂಬರಿನಲ್ಲಿ ಆತ ಪಾಲಕರ ದಿನದಂದು ಮಗಳ ನಾಲ್ಕನೆಯ ಇಯತ್ತೆಯ ಗಣಿತದ ತರಗತಿಯಲ್ಲಿ ಹೋಗಿ ಕುಳಿತಿದ್ದ. ಬಲ್ಲ ಮಕ್ಕಳು ಬೇಗ ಮುಗಿಸಿ ಬೇಸರದಿಂದ ಕುಳಿತಿದ್ದರು; ಬಾರದವರು ಒದ್ದಾಡುತ್ತಿದ್ದರು; ತಾವು ಬರೆದದ್ದು ಸರಿಯೋ ತಪ್ಪೋ ಎಂಬುದು ಯಾರಿಗೂ ಆಗಲೇ ತಿಳಿಯುತ್ತಿರಲಿಲ್ಲ. ಇಲಿಗೆ ಮರುಕ್ಷಣವೇ ಸಿಗುವ ಉತ್ತರ ಮಗುವಿಗೆ ಮರುದಿನ ಸಿಗುತ್ತಿತ್ತು! ಆತ ಕೂಡಲೇ, ಒಂದೊಂದೇ ಸಣ್ಣ ಪ್ರಶ್ನೆ ಕೇಳಿ ಆಗಿಂದಾಗ್ಗೆ ಉತ್ತರ ತೋರಿಸುವ ಬೋಧನಾ ಯಂತ್ರವನ್ನು ತಯಾರಿಸಿದ. ಕರ್ನಾಟಕದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ 'ನಲಿ-ಕಲಿ'ಯ ಕಲಿಕಾ ಏಣಿಯಲ್ಲೂ ಈ ತತ್ವವನ್ನು ಕಾಣಬಹುದು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ತಾನು ಎಲ್ಲಿದ್ದೇನೆ ಎಂಬುದು ಅದಕ್ಕೆ ಕಾಣುತ್ತಿರುತ್ತದೆ. ಇಲ್ಲಿ ಮೇಲಿನ ಮೆಟ್ಟಿಲೇ ಬಹುಮಾನ.

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಬಂದು ಚಿಕ್ಕ ಕೋಣೆಗಳಲ್ಲಿ ಇರುವ ಯುವಕ-ಯುವತಿಯರ ಕಷ್ಟವೂ ಇದೇ. ಅವರ ಬಹುಮಾನ ಎರಡು-ಮೂರು ವರ್ಷ ದೂರದಲ್ಲಿದೆ, ಬರುತ್ತದೆಂಬ ಖಾತ್ರಿಯೂ ಇಲ್ಲ. ಇಂದು ಮುಗಿಸಿದ ಪಾಠಕ್ಕೆ ಇಂದೇ ಒಂದು ಗುರುತು ಹಾಕಿ, ನಂತರ ಗೆಳೆಯರ ಸಂಗಡ ಒಂದು ಪ್ಲೇಟು ಗಿರಮಿಟ್ಟು ಎಂದು ಕಟ್ಟು ಹಾಕಿಕೊಳ್ಳುವವರು ಮನಃಶಾಸ್ತ್ರ ಓದಿರಲಿಕ್ಕಿಲ್ಲ, ಆದರೆ ಅದನ್ನೇ ಪಾಲಿಸುತ್ತಿದ್ದಾರೆ. ಗಿರಮಿಟ್ಟು ಮೊದಲು, ಪಾಠ ಆಮೇಲೆ ಎಂದರೆ ಮಾತ್ರ ಲೆಕ್ಕ ತಲೆಕೆಳಗಾಗುತ್ತದೆ.

ಪಾಲಕರು ಮನೆಯಲ್ಲಿ ಮಾಡಬಹುದಾದದ್ದು ಇನ್ನೂ ಸರಳ. ಅಂಕಕ್ಕಿಂತ ಕೆಲಸವನ್ನು ಗುರುತಿಸಬೇಕು. 'ಶಾಣ್ಯಾ ಇದ್ದೀ' ಎನ್ನುವುದಕ್ಕಿಂತ 'ಈ ಲೆಕ್ಕ ಮೂರು ಸಲ ತಪ್ಪಿದ್ರೂ ಬಿಡಲಿಲ್ಲಲಾ' ಎಂದರೆ, ಯಾವುದನ್ನು ಮತ್ತೆ ಮಾಡಬೇಕು ಎಂಬುದು ಮಗುವಿಗೆ ತಿಳಿಯುತ್ತದೆ. ಹಟದ ಅಳುವಿಗೆ ಮಣಿಯದಿರಲು ನಿರ್ಧರಿಸಿದವರು ಒಂದು ವಿಷಯ ತಿಳಿದಿರಬೇಕು. ಬಹುಮಾನ ನಿಂತೊಡನೆ ವರ್ತನೆ ಇಳಿಯುವುದಿಲ್ಲ; ಮೊದಲು ಒಮ್ಮೆ ಜೋರಾಗಿ ಏರುತ್ತದೆ. ತಿನಿಸು ನಿಂತ ಇಲಿಯೂ ಮೊದಲಿಗೆ ಸನ್ನೆಯನ್ನು ಇನ್ನೂ ರಭಸದಿಂದ ಒತ್ತುತ್ತದೆ. 'ಇದ್ಯಾಕೋ ಉಪಯೋಗ ಇಲ್ಲ' ಎಂದು ಆಗಲೇ ಸೋತು ಕೊಡಿಸಿದರೆ, ಇನ್ನು ಮುಂದೆ ಆ ಎತ್ತರದ ಅಳುವೇ ರೂಢಿಯಾಗುತ್ತದೆ. ಆ ಕೆಲವು ದಿನಗಳನ್ನು ತಡೆದುಕೊಳ್ಳಬೇಕು, ಮಗು ಸಮಾಧಾನದಿಂದ ಕೇಳಿದಾಗ ಮಾತ್ರ ಓಗೊಡಬೇಕು. ಮನೆಯಲ್ಲಿ ಅಜ್ಜ-ಅಜ್ಜಿ ಇದ್ದರೆ ಅವರಿಗೂ ಇದನ್ನು ಮೊದಲೇ ಹೇಳಿ ಒಪ್ಪಿಸಿಡುವುದು ಒಳ್ಳೆಯದು. ಇಲ್ಲದಿದ್ದರೆ ಅಪ್ಪ-ಅವ್ವ ಗಟ್ಟಿಯಾಗಿ ನಿಂತಿರುವಾಗಲೇ ಹಿತ್ತಲ ಬಾಗಿಲಿನಲ್ಲಿ ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಕೈಗಿಡುವುದು ಅವರೇ.